ಹಿಂದೆ ಕಾರಿರುವುದು ಗೊತ್ತೇ ಆಗುವುದಿಲ್ಲವಂತೆ

ಬೇಸಿಗೆಯಲ್ಲಿ ಅಮೆರಿಕದ ಹೆದ್ದಾರಿಗಳಲ್ಲಿ ಓಡಾಡಿದವರಿಗೆ ಈ ದೃಶ್ಯ ಹೊಸದಲ್ಲ. ವೋಲ್ವೊ ಬಸ್ಸಿನಷ್ಟು ಉದ್ದದ ಮೋಟರ್‌ಹೋಮ್ ಒಂದು ಹೋಗುತ್ತಿರುತ್ತದೆ. ಅದರ ಬೆನ್ನಿಗೆ ಅಂಟಿಕೊಂಡಂತೆ ಒಂದು ಕಾರು; ನಾಲ್ಕೂ ಚಕ್ರ ನೆಲದ ಮೇಲೆ, ಒಳಗೆ ಯಾರೂ ಇಲ್ಲ. ಮಗಳ ಮನೆಗೆಂದು ಹೋದ ಅಪ್ಪ ಅಮ್ಮ ಮೊದಲ ಸಲ ಕಂಡಾಗ, ಪಾಪ ಯಾರದೋ ಕಾರು ಕೆಟ್ಟಿರಬೇಕು ಅಂದುಕೊಳ್ಳುವುದು ಸಹಜ. ಕಾರು ಕೆಟ್ಟಿರುವುದಿಲ್ಲ. ನಲವತ್ತು ಅಡಿ ಉದ್ದದ ಮನೆಯನ್ನು ಓಡಿಸಿಕೊಂಡು ಹಾಲು ತರಲು ಹೋಗುವುದಕ್ಕಾಗುವುದಿಲ್ಲ. ಆದ್ದರಿಂದ ಮನೆಯನ್ನು ಕ್ಯಾಂಪಿನಲ್ಲಿ ನಿಲ್ಲಿಸಿ ಊರು ಸುತ್ತಲು ಕಾರನ್ನೂ ಕಟ್ಟಿಕೊಂಡು ಹೊರಡುತ್ತಾರೆ.

ಇಂಥ ಕಾರಿಗೆ ಅಲ್ಲಿಯವರು ಇಟ್ಟ ಹೆಸರುಗಳು ಎರಡು. ಒಂದು ‘ಟೋಡ್’. ಎಳೆದದ್ದು ಎಂಬ ಅರ್ಥದ ಇಂಗ್ಲಿಷ್ ಪದಕ್ಕೂ ನೆಲಗಪ್ಪೆಯ ಹೆಸರಿಗೂ ಉಚ್ಚಾರ ಒಂದೇ ಆದ್ದರಿಂದ ಹುಟ್ಟಿದ ತಮಾಷೆ. ಇನ್ನೊಂದು ‘ಡಿಂಗಿ’, ಅಂದರೆ ದೊಡ್ಡ ದೋಣಿಯ ಹಿಂದೆ ಕಟ್ಟುವ ಚಿಕ್ಕ ದೋಣಿ. ಈ ಪದ ಇಂಗ್ಲಿಷಿಗೆ ಹೋದದ್ದು ಬಂಗಾಳಿ, ಹಿಂದಿಗಳ ಕಡೆಯಿಂದ. ಹೆಸರು ಮುದ್ದಾಗಿದೆ, ಆದರೆ ದಾರಿ ತಪ್ಪಿಸುತ್ತದೆ. ನೀರಿನಲ್ಲಿ ಹಗ್ಗಕ್ಕೆ ಕಟ್ಟಿದ ಪುಟ್ಟ ದೋಣಿಯನ್ನು ನೀರೇ ತಡೆದು ನಿಲ್ಲಿಸುತ್ತದೆ. ರಸ್ತೆ ಹಾಗೆ ಮಾಡುವುದಿಲ್ಲ.

ಕಾರನ್ನು ಹೇಗೆ ಕಟ್ಟಬೇಕು ಎಂದು ಹೊಸಬರು ಕೇಳಿದಾಗ ಸಿಗುವ ಉತ್ತರದಲ್ಲಿ ಒಂದು ವಾಕ್ಯ ಸಾಮಾನ್ಯವಾಗಿ ಇದ್ದೇ ಇರುತ್ತದೆ: ನಾಲ್ಕೂ ಚಕ್ರ ನೆಲದ ಮೇಲಿಟ್ಟು ಎಳೆಯಿರಿ, ಐದು ನಿಮಿಷದ ಕೆಲಸ, ಹಿಂದೆ ಕಾರಿರುವುದು ಗೊತ್ತೇ ಆಗುವುದಿಲ್ಲ. ಮಾರುವವರು ಹೇಳುತ್ತಾರೆ, ಕ್ಯಾಂಪಿನ ಪಕ್ಕದ ಮನೆಯವರೂ ಹೇಳುತ್ತಾರೆ. ಹೇಳುವಾಗ ಅದನ್ನೊಂದು ಗುಣವೆಂಬಂತೆ ಹೇಳುತ್ತಾರೆ. ಹಿಂದೆ ಒಂದೂಮುಕ್ಕಾಲು ಟನ್ ಕಬ್ಬಿಣ ಓಡುತ್ತಿದೆ, ಅದು ಮುಂದಿದ್ದವರಿಗೆ ಗೊತ್ತಾಗುತ್ತಿಲ್ಲ ಎಂದರೆ ಅದು ಗುಣ ಹೇಗಾದೀತು?

ದಾರಿಗಳು ಮೂರು. ಕಾರಿನ ಮುಂಭಾಗಕ್ಕೆ ಕಬ್ಬಿಣದ ಪಟ್ಟಿ ಕೂರಿಸಿ, ಟೋ ಬಾರ್ ಜೋಡಿಸಿ, ನಾಲ್ಕೂ ಚಕ್ರ ಉರುಳುವಂತೆ ಎಳೆಯುವುದು ಒಂದು. ಮುಂದಿನ ಎರಡು ಚಕ್ರಗಳನ್ನು ಡಾಲಿ ಎಂಬ ಎರಡು ಚಕ್ರದ ಚಿಕ್ಕ ಗಾಡಿಯ ಮೇಲೆ ಏರಿಸುವುದು ಎರಡನೆಯದು. ಇಡೀ ಕಾರನ್ನು ಟ್ರೇಲರಿನ ಮೇಲೆ ಹೇರುವುದು ಮೂರನೆಯದು. ಯಾವುದು ಸುಲಭ ಎಂಬಲ್ಲಿಂದ ಚರ್ಚೆ ಶುರುವಾಗುವುದೇ ತಪ್ಪು. ಯಾವುದು ಸಾಧ್ಯ ಎಂಬುದನ್ನು ಮೊದಲು ತೀರ್ಮಾನಿಸುವುದು ಕಾರು, ಆಮೇಲೆ ತೂಕ. ಮಾಲೀಕರ ಅನುಕೂಲದ ಸರದಿ ಬರುವುದು ಕೊನೆಗೆ.

ಕಾರು ತೀರ್ಮಾನಿಸುವುದು ಹೇಗೆ ಎಂದರೆ, ಗೇರ್‌ಬಾಕ್ಸಿನ ಮೂಲಕ. ಇಲ್ಲಿ ಮೋಸ ಮಾಡುವ ಪದ ‘ನ್ಯೂಟ್ರಲ್’. ನ್ಯೂಟ್ರಲ್‌ಗೆ ಹಾಕಿದರೆ ಎಲ್ಲವೂ ಬಿಡುಗಡೆಯಾಯಿತು, ಚಕ್ರ ತನ್ನ ಪಾಡಿಗೆ ತಾನು ಉರುಳುತ್ತದೆ ಎಂಬ ಭಾವನೆ ಆ ಪದದಲ್ಲೇ ಇದೆ. ಬಿಡುಗಡೆಯಾಗುವುದು ಎಂಜಿನ್ ಮಾತ್ರ. ಚಕ್ರದ ಜೊತೆ ಗೇರ್‌ಬಾಕ್ಸಿನ ಒಂದಷ್ಟು ಭಾಗಗಳು ತಿರುಗುತ್ತಲೇ ಇರುತ್ತವೆ. ಹೆಚ್ಚಿನ ಆಟೋಮ್ಯಾಟಿಕ್ ಕಾರುಗಳಲ್ಲಿ ಆ ಭಾಗಗಳಿಗೆ ಎಣ್ಣೆ ಹರಿಸುವ ಪಂಪು ನಡೆಯುವುದು ಎಂಜಿನ್ನಿನ ಬಲದಿಂದ. ಎಂಜಿನ್ ಆರಿದೆ, ಪಂಪು ನಿಂತಿದೆ, ಚಕ್ರ ಮಾತ್ರ ಗಂಟೆಗೆ ಅರವತ್ತು ಮೈಲಿ ವೇಗದಲ್ಲಿ ತಿರುಗುತ್ತಿದೆ. ಹೀಗೆ ದಿನವಿಡೀ ಎಣ್ಣೆಯಿಲ್ಲದೆ ತಿರುಗಿದ ಗೇರ್‌ಬಾಕ್ಸ್ ಸುಟ್ಟರೆ ಅದರ ತಪ್ಪೇನು?

ಹೋಂಡಾ ಸಿಆರ್-ವಿ ಇದಕ್ಕೆ ಒಳ್ಳೆಯ ಉದಾಹರಣೆ. ಮೋಟರ್‌ಹೋಮಿನವರಿಗೆ ಬಹುಕಾಲ ಅಚ್ಚುಮೆಚ್ಚಾಗಿದ್ದ ಕಾರು. 2014ರ ಮಾದರಿಯವರೆಗೆ ನಾಲ್ಕು ಚಕ್ರದ ಮೇಲೆ ಎಳೆಯಲು ಕಂಪನಿಯೇ ಒಪ್ಪಿತ್ತು. ಅದಕ್ಕೂ ಒಂದು ವಿಧಿಯಿತ್ತು: ಎಂಜಿನ್ ಚಾಲೂ ಮಾಡಿ, ಡ್ರೈವ್‌ಗೆ ಹಾಕಿ, ಅಲ್ಲಿಂದ ನ್ಯೂಟ್ರಲ್‌ಗೆ ತಂದು, ಮೂರು ನಿಮಿಷ ಹಾಗೇ ಓಡಲು ಬಿಟ್ಟು, ಆಮೇಲೆ ಆರಿಸಬೇಕು. 2015ರಲ್ಲಿ ಅದೇ ಕಾರಿಗೆ ಸಿವಿಟಿ ಗೇರ್‌ಬಾಕ್ಸ್ ಬಂತು, ಒಪ್ಪಿಗೆ ಹೋಯಿತು. ಹೊರಗಿನಿಂದ ನೋಡಿದರೆ ಎರಡೂ ಹೆಚ್ಚುಕಡಿಮೆ ಅದೇ ಕಾರು, ಅದೇ ಹೆಸರು. ‘ಸಿಆರ್-ವಿ ಎಳೆಯಬಹುದಂತೆ’ ಎಂಬ ಕಿವಿಮಾತನ್ನು ನಂಬಿ ಹೊಸ ಕಾರಿಗೆ ಪಟ್ಟಿ ಕೂರಿಸಿದವರು ಕಳೆದುಕೊಳ್ಳುವುದು ಒಂದು ಗೇರ್‌ಬಾಕ್ಸನ್ನು. ಇದಕ್ಕೆ ಪೂರ್ತಿ ವಿರುದ್ಧ ಜೀಪ್ ರ‍್ಯಾಂಗ್ಲರ್. ಅದರ ಟ್ರಾನ್ಸ್‌ಫರ್ ಕೇಸಿಗೆ ತನ್ನದೇ ನ್ಯೂಟ್ರಲ್ ಇದೆ. ಅದನ್ನು ಹಾಕಿದರೆ ಗೇರ್‌ಬಾಕ್ಸಿಗೂ ಚಕ್ರಕ್ಕೂ ಸಂಬಂಧ ನಿಜವಾಗಿ ಕಡಿಯುತ್ತದೆ. ಟೆಸ್ಲಾದಂಥ ಎಲೆಕ್ಟ್ರಿಕ್ ಕಾರಿನ ಕೈಪಿಡಿ ನಾಲ್ಕೂ ಚಕ್ರ ನೆಲ ಬಿಟ್ಟಿರಲೇಬೇಕು ಎನ್ನುತ್ತದೆ. ಅಲ್ಲಿಗೆ ಆ ಚರ್ಚೆ ಮುಗಿಯಿತು, ಟ್ರೇಲರ್ ಒಂದೇ ದಾರಿ. ಕೈಪಿಡಿಯಲ್ಲಿ ಈ ಒಂದು ಪುಟ ಓದದೆ ಟೋ ಬಾರ್ ಕೊಳ್ಳುವುದು ಅಳತೆ ಕೊಡದೆ ಕುಪ್ಪಸ ಹೊಲಿಸಿದಂತೆ.

(ಇದು ಮುಂಬಯಿ, ಹೈದರಾಬಾದಿನಲ್ಲಿ ಆಟೋಮ್ಯಾಟಿಕ್ ಕೊಂಡವರಿಗೂ ಅನ್ವಯಿಸುತ್ತದೆ. ಮಳೆಯಲ್ಲಿ ನಿಂತುಹೋದ ಕಾರಿಗೆ ಗೆಳೆಯರು ಹಗ್ಗ ಕಟ್ಟಿ ಹತ್ತು ಕಿಲೋಮೀಟರ್ ಎಳೆಯಲು ಬಂದರೆ, ಕೈಪಿಡಿ ನೋಡುವ ತನಕ ಬೇಡ ಎನ್ನುವುದು ಒಳ್ಳೆಯದು.)

ಎರಡನೆಯದು ತೂಕ. ಇಲ್ಲಿ ಜನ ನೋಡುವುದು ಹಿಚ್ಚಿನ ಮೇಲೆ ಬರೆದ ಸಂಖ್ಯೆಯನ್ನು. 5,000 ಪೌಂಡ್ ಎಂದು ಬರೆದಿದೆ, ಕಾರು 4,300 ಪೌಂಡ್ ಇದೆ, ಸರಿಹೋಯಿತು ಎಂದು ತೀರ್ಮಾನ. ಆ ಸಂಖ್ಯೆ ಹೇಳುವುದು ಹಿಚ್ಚು ಮುರಿಯುವುದಿಲ್ಲ ಎಂದಷ್ಟೇ. ಪೆಟ್ರೋಲ್ ಮೋಟರ್‌ಹೋಮುಗಳಿಗೆ ಹೆಚ್ಚಾಗಿ ಬಳಕೆಯಾಗುವ ಫೋರ್ಡ್ ಎಫ್-53 ಚಾಸಿಯ ಒಂದು ಮಾದರಿಯನ್ನು ನೋಡಬಹುದು. ಮನೆ ತಾನು ತುಂಬಿಕೊಂಡಾಗ ಮೀರಬಾರದ ತೂಕ 22,000 ಪೌಂಡ್. ಮನೆಯೂ ಹಿಂದಿನದೂ ಸೇರಿ ಮೀರಬಾರದ ತೂಕ 26,000 ಪೌಂಡ್. ಮನೆ ಪೂರ್ತಿ ತುಂಬಿದ್ದರೆ ಹಿಂದೆ ಕಟ್ಟಲು ಉಳಿಯುವುದು 4,000 ಪೌಂಡ್, ಅಂದರೆ ಸುಮಾರು 1,815 ಕಿಲೊ. ಹಿಚ್ಚು ಐದು ಸಾವಿರ ಎನ್ನುತ್ತಿದ್ದರೂ ಗಾಡಿ ನಾಲ್ಕೇ ಸಾವಿರ ಎನ್ನುತ್ತಿದೆ. ನಾಲ್ಕು ಬಾಗಿಲಿನ ರ‍್ಯಾಂಗ್ಲರ್ ಬಹುಪಾಲು ಅಲ್ಲೇ ಗಡಿ ದಾಟುತ್ತದೆ. ಮನೆ ಖಾಲಿಯಿದ್ದರೆ ಲೆಕ್ಕ ಸ್ವಲ್ಪ ಸಡಿಲವಾಗುತ್ತದೆ ನಿಜ, ಆದರೆ ಖಾಲಿ ಮನೆ ತೆಗೆದುಕೊಂಡು ಯಾರು ಪ್ರವಾಸ ಹೊರಡುತ್ತಾರೆ? ಐವತ್ತು ಗ್ಯಾಲನ್ ನೀರೇ ನಾನೂರು ಪೌಂಡಿಗೂ ಹೆಚ್ಚು ತೂಗುತ್ತದೆ. ಪಾತ್ರೆ, ಕುರ್ಚಿ, ಸೈಕಲ್, ನಾಯಿ, ಅದರ ಊಟ ಎಲ್ಲ ಆಮೇಲೆ.

ಟ್ರೇಲರ್ ಬೇಕೆನ್ನುವವರ ಆಸೆ ಈ ಲೆಕ್ಕದಲ್ಲಿ ಮೊದಲು ಬೀಳುತ್ತದೆ. ಯು-ಹಾಲ್ ಬಾಡಿಗೆಗೆ ಕೊಡುವ ಕಾರು ಸಾಗಿಸುವ ಟ್ರೇಲರಿನ ತೂಕವೇ 2,210 ಪೌಂಡ್. ನಾಲ್ಕು ಸಾವಿರದಲ್ಲಿ ಅದನ್ನು ಕಳೆದರೆ ಉಳಿಯುವುದು 812 ಕಿಲೊ. ಮಾರುತಿ ಆಲ್ಟೊ ಹೇರಬಹುದೇನೋ, ಅಮೆರಿಕದಲ್ಲಿ ಅದು ಸಿಗುವುದಿಲ್ಲ. ದೊಡ್ಡ ಡೀಸೆಲ್ ಮನೆಗಳಿಗೆ ಮಾತ್ರ ಟ್ರೇಲರ್ ಹಗುರ.

ಈಗ ಬ್ರೇಕು. ಹೊರೆ ಹೇರಿದ ಎತ್ತಿನ ಬಂಡಿ ಹೂಡಿದವರಿಗೆ ಗೊತ್ತಿದ್ದ ವಿಷಯ ಇದು: ಏರಿನಲ್ಲಿ ಎಳೆಯುವುದು ಶ್ರಮ, ಇಳಿಜಾರಿನಲ್ಲಿ ತಡೆಯುವುದು ಪ್ರಾಣಸಂಕಟ. ಅದಕ್ಕೇ ಗಾಲಿಗೆ ಉಜ್ಜುವ ಮರದ ತಡೆ ಇರುತ್ತಿತ್ತು. ಮೋಟರ್‌ಹೋಮ್ ಮಾರುವವರು ಮಾತಾಡುವುದೆಲ್ಲ ಎಳೆಯುವ ಶಕ್ತಿಯ ಬಗ್ಗೆ. 1,800 ಕಿಲೊ ತೂಕದ ಕಾರು 6 ಪರ್ಸೆಂಟ್ ಇಳಿಜಾರಿನಲ್ಲಿ ಐದು ಕಿಲೋಮೀಟರ್ ಇಳಿದರೆ 300 ಮೀಟರ್ ಕೆಳಗೆ ಬಂದಂತೆ. ಟೈರು, ಗಾಳಿಗಳ ತಡೆಯನ್ನು ಕಳೆದ ಮೇಲೂ ಅಷ್ಟರಲ್ಲಿ ಬಿಡುಗಡೆಯಾಗುವ ಶಕ್ತಿ ಹತ್ತು ಲೀಟರಿಗಿಂತ ಹೆಚ್ಚು ತಣ್ಣೀರನ್ನು ಕುದಿಸಲು ಸಾಕು. ಇದು ಕಾರಿನ ಪಾಲು ಮಾತ್ರ. ಮನೆಯದು ಇದರ ಐದಾರು ಪಟ್ಟು. ಅಷ್ಟನ್ನೂ ನುಂಗಬೇಕಾದದ್ದು ಮುಂದಿನ ಗಾಡಿಯ ಎಂಜಿನ್ನು ಮತ್ತು ಬ್ರೇಕು. ಖಂಡಾಲ ಘಾಟಿಯಲ್ಲಿ ಲಾರಿಗಳ ಹಿಂದೆ ಇಳಿದವರ ಮೂಗಿಗೆ ಇದರ ವಾಸನೆ ಗೊತ್ತು. ಕೊಲೊರಾಡೊದ ಐಸೆನ್‌ಹೋವರ್ ಸುರಂಗ ದಾಟಿ ಪಶ್ಚಿಮಕ್ಕೆ ಇಳಿಯುವ ಐ-70 ರಸ್ತೆಯಲ್ಲಿ ಬ್ರೇಕು ಸೋತ ಲಾರಿಗಳಿಗಾಗಿ ಪಕ್ಕಕ್ಕೆ ಏರುವ ದಾರಿಗಳನ್ನು ಕಟ್ಟಿಟ್ಟಿರುವುದು ಚೆಂದಕ್ಕಲ್ಲ.

ಫೋರ್ಡ್ ಕಂಪನಿ ತನ್ನ ಕೈಪಿಡಿಗಳಲ್ಲಿ ಬರೆದಿರುವುದು ಸ್ಪಷ್ಟವಾಗಿದೆ. ಗಾಡಿಯ ಬ್ರೇಕನ್ನು ಅಳತೆ ಮಾಡಿರುವುದು ಗಾಡಿಯ ಸ್ವಂತ ತೂಕದ ಮಿತಿಗೆ, ಜೋಡಿಯ ಒಟ್ಟು ತೂಕಕ್ಕೆ ಅಲ್ಲ. ಹಿಂದಿನದು 1,500 ಪೌಂಡ್ ಮೀರಿದರೆ ಅದಕ್ಕೆ ಬೇರೆ ಬ್ರೇಕು ಬೇಕು. 1,500 ಪೌಂಡ್ ಅಂದರೆ 680 ಕಿಲೊ. ಅಷ್ಟು ಹಗುರವಾದ ಕಾರು ಅಲ್ಲಿ ಯಾರ ಬಳಿಯೂ ಇಲ್ಲ. ಆದರೂ ಅಂಗಡಿಯ ಪಟ್ಟಿಯಲ್ಲಿ ಹೆಚ್ಚುವರಿ ಬ್ರೇಕು ಬರುವುದು ಕೊನೆಯ ಸಾಲಿನಲ್ಲಿ, ಬೇಕಿದ್ದರೆ ಹಾಕಿಸಿಕೊಳ್ಳಿ ಎಂಬ ಧಾಟಿಯಲ್ಲಿ. ಕಾನೂನು ಕೇಳುವುದಿಲ್ಲ ಎಂಬ ಸಮಜಾಯಿಷಿ ಬೇರೆ. ಹಲವು ರಾಜ್ಯಗಳಲ್ಲಿ 3,000 ಪೌಂಡ್ ಮೀರಿದ ‘ಟ್ರೇಲರ್’ಗೆ ಬ್ರೇಕು ಕಡ್ಡಾಯ. ನಮ್ಮದು ಟ್ರೇಲರ್ ಅಲ್ಲ, ಕಾರು ಎನ್ನುತ್ತಾರೆ. ಪದದ ಅರ್ಥ ಹಿಡಿದು ನ್ಯಾಯಾಲಯದಲ್ಲಿ ಗೆಲ್ಲಬಹುದು. ಇಳಿಜಾರಿಗೆ ನಿಘಂಟು ಗೊತ್ತಿಲ್ಲ.

ಇಂಡಿಯಾದಲ್ಲಿ ಕೆಟ್ಟ ಕಾರನ್ನು ಹಗ್ಗ ಕಟ್ಟಿ ಎಳೆಯುವಾಗ ಒಂದು ವಿಷಯವನ್ನು ಯಾರೂ ಮರೆಯುವುದಿಲ್ಲ: ಹಿಂದಿನ ಕಾರಿನಲ್ಲಿ ಒಬ್ಬ ಕೂತಿರುತ್ತಾನೆ. ಸ್ಟಿಯರಿಂಗ್ ಹಿಡಿಯಲು, ಮುಂದಿನವರು ನಿಂತಾಗ ಬ್ರೇಕು ಒತ್ತಲು. ಅಷ್ಟು ಸರಳವಾದ ವಿವೇಕವೇ ಮೂರು ಸಾವಿರ ಡಾಲರ್ ಖರ್ಚು ಮಾಡಿ ಟೋ ಬಾರ್ ಕೂರಿಸುವಾಗ ಬಿಟ್ಟುಹೋಗುತ್ತದೆ. ಹೆಚ್ಚುವರಿ ಬ್ರೇಕ್ ಎಂದರೆ ಆ ಮನುಷ್ಯನ ಕಾಲಿಗೆ ಬದಲು ಇಟ್ಟ ಯಂತ್ರ, ಬೇರೇನಲ್ಲ.

ಅವನ ಕಣ್ಣು ಮೂಗುಗಳಿಗೂ ಬದಲು ಬೇಕು. ಹಿಂದಿನ ಕಾರಿನ ಟೈರ್ ಒಡೆದರೆ ನಲವತ್ತು ಅಡಿ ಮುಂದೆ ಕೂತವರಿಗೆ ಸದ್ದು ಕೇಳಿಸಲಿಕ್ಕಿಲ್ಲ, ಎಳೆತ ಹೆಚ್ಚಿದ್ದೂ ತಿಳಿಯಲಿಕ್ಕಿಲ್ಲ. ಟೈರ್ ಚಿಂದಿಯಾಗಿ, ರಿಮ್ಮು ರಸ್ತೆಗೆ ಉಜ್ಜಿ, ಪಕ್ಕದ ಗಾಡಿಯವರು ಹಾರ್ನ್ ಹೊಡೆದು ಕೈತೋರಿಸುವವರೆಗೆ ಪಯಣ ಸುಖವಾಗಿಯೇ ಸಾಗುತ್ತಿರುತ್ತದೆ. ಹ್ಯಾಂಡ್‌ಬ್ರೇಕ್ ಬಿಡಲು ಮರೆತವರ ಪಾಡೂ ಇದೇ. ಗೊತ್ತೇ ಆಗುವುದಿಲ್ಲ ಎಂಬ ಮಾತು ನಿಜ ಎಂದು ಆಗ ಒಪ್ಪಿಕೊಳ್ಳಬೇಕಾಗುತ್ತದೆ. ಕಾರಿನ ಟೈರುಗಳ ಒತ್ತಡವನ್ನು ಮುಂದಿನ ಸೀಟಿಗೆ ತೋರಿಸುವ ಉಪಕರಣಕ್ಕೆ ಟೋ ಬಾರಿನ ಬೆಲೆಯ ಒಂದು ಪಾಲೂ ಆಗುವುದಿಲ್ಲ.

ಹಾಗಾದರೆ ಎಲ್ಲರೂ ನಗುವ ಡಾಲಿಯೇ ವಾಸಿಯೇ? ಬಹಳ ಜನರಿಗೆ ಹೌದು. ಮುಂದಿನ ಚಕ್ರಗಳಿಂದ ಓಡುವ ಸಾಧಾರಣ ಕಾರಿದ್ದರೆ, ಚಾಲಕ ಚಕ್ರಗಳು ನೆಲ ಬಿಟ್ಟಿರುವುದರಿಂದ ಗೇರ್‌ಬಾಕ್ಸಿನ ಚಿಂತೆಯಿಲ್ಲ. ಕಾರು ಕೊರೆಯಬೇಕಿಲ್ಲ. ನಾಳೆ ಕಾರು ಬದಲಿಸಿದರೆ ಡಾಲಿ ಹಾಗೇ ಬರುತ್ತದೆ. ಟೋ ಬಾರಿನವರು ಹೊಸ ಕಾರಿಗೆ ಹೊಸ ಪಟ್ಟಿ ಕೊಳ್ಳಬೇಕು. ಬ್ರೇಕಿರುವ ಡಾಲಿಯೇ ಬೇಕು ಎಂಬುದಂತೂ ಇಲ್ಲೂ ತಪ್ಪಿದ್ದಲ್ಲ. ತೊಂದರೆಗಳನ್ನು ಮುಚ್ಚಿಡಬೇಕಿಲ್ಲ. ಮಳೆಯಲ್ಲಿ ಮಂಡಿಯೂರಿ ಪಟ್ಟಿ ಬಿಗಿಯಬೇಕು, ಸ್ವಲ್ಪ ದೂರ ಹೋಗಿ ನಿಲ್ಲಿಸಿ ಮತ್ತೆ ಬಿಗಿಯಬೇಕು, ಕ್ಯಾಂಪಿನಲ್ಲಿ ಅದನ್ನು ಇಡಲು ಜಾಗ ಹುಡುಕಬೇಕು. ನಾಲ್ಕೂ ಚಕ್ರ ಓಡಿಸುವ ಕಾರಿಗೆ ಅದು ಸಲ್ಲದು. ಡಾಲಿಯೊಂದಿಗೆ ರಿವರ್ಸ್ ಹೋಗಲಾಗುವುದಿಲ್ಲ ಎಂದು ಹಂಗಿಸುವವರು ಮಾತ್ರ ಸುಮ್ಮನಿರಬೇಕು. ಟೋ ಬಾರಿನಲ್ಲೂ ರಿವರ್ಸ್ ಹೋಗಲಾಗುವುದಿಲ್ಲ, ಕಾರಿನ ಮುಂದಿನ ಚಕ್ರಗಳು ಅಡ್ಡ ತಿರುಗಿ ನಿಲ್ಲುತ್ತವೆ. ಆ ಸುಖವಿರುವುದು ಟ್ರೇಲರಿನವರಿಗೆ ಮಾತ್ರ.

ವರ್ಷಕ್ಕೆ ಎರಡು ಸಲ ಹೊರಡುವವರು ಕಾರನ್ನು ಮನೆಯಲ್ಲೇ ಬಿಟ್ಟು, ಹೋದ ಊರಿನಲ್ಲಿ ಬಾಡಿಗೆಗೆ ಹಿಡಿದರೆ ಮೂರು ಸಾವಿರ ಡಾಲರಿನಲ್ಲಿ ಎಷ್ಟೋ ವರ್ಷ ಕಳೆಯುತ್ತದೆ. ಈ ಸಲಹೆಯನ್ನು ಯಾವ ಅಂಗಡಿಯೂ ಕೊಡುವುದಿಲ್ಲ.

ಹತ್ತು ವರ್ಷ ಬ್ರೇಕಿಲ್ಲದೆ ಎಳೆದಿದ್ದೇವೆ, ಏನೂ ಆಗಿಲ್ಲ ಎನ್ನುವವರ ಅನುಭವ ಸುಳ್ಳಲ್ಲ. ಮೋಟರ್‌ಹೋಮ್ ಭಾರಿಯಾಗಿರುವುದರಿಂದ ಬಯಲಿನ ರಸ್ತೆಯಲ್ಲಿ, ನಿಧಾನ ನಿಲ್ಲಿಸುವಾಗ ವ್ಯತ್ಯಾಸ ಕಾಣುವುದೇ ಇಲ್ಲ. ಹೆಚ್ಚುವರಿ ಬ್ರೇಕು ಆ ಹತ್ತು ವರ್ಷಕ್ಕಾಗಿ ಅಲ್ಲ. ಮುಂದಿನ ಲಾರಿ ತಟ್ಟನೆ ನಿಂತಾಗ ಬೇಕಾಗುವ ಕೊನೆಯ ಇಪ್ಪತ್ತು ಅಡಿಗಾಗಿ. ಮತ್ತು ಕಾರು ಕಳಚಿಕೊಂಡ ಗಳಿಗೆಗಾಗಿ. ಹಾಗೆ ಕಳಚಿದರೆ ತಾನೇ ಬ್ರೇಕು ಬೀಳಲೆಂದು ಒಂದು ತೆಳ್ಳನೆಯ ಕೇಬಲ್ ಇರುತ್ತದೆ. ಅದರ ತುದಿ ಮೋಟರ್‌ಹೋಮಿನ ಚೌಕಟ್ಟಿಗೇ ಸಿಕ್ಕಿಸಬೇಕು. ಸುಲಭಕ್ಕೆಂದು ಟೋ ಬಾರಿಗೆ ಸಿಕ್ಕಿಸುವವರೂ ಇದ್ದಾರೆ. ಬಾರ್ ಕಿತ್ತುಬಂದ ದಿನ ಕೇಬಲ್ಲೂ ಅದರ ಜೊತೆಗೇ ಹೋಗುತ್ತದೆ, ಕಾರು ಬ್ರೇಕು ಬೀಳದೆ ಉರುಳುತ್ತದೆ.