ಕತ್ತಿಗೆ ಬೆಂಕಿ, ತಳಕ್ಕೆ ನೀರು

ಕಳೆದ ಕಂತಿನಲ್ಲಿ ಹಿತ್ತಾಳೆ ಪಾತ್ರೆಗಳ ಬಗ್ಗೆ ಬರೆದಿದ್ದೆ. ಅದನ್ನು ಓದಿದ ಪುಣೆಯ ಓದುಗರೊಬ್ಬರು ಕೇಳಿದ ಪ್ರಶ್ನೆ ಮಾತ್ರ ಪಾತ್ರೆಯದಲ್ಲ, ಬಂದೂಕಿನದು. ಅವರ ಮಗ ಅಮೆರಿಕದ ಟೆಕ್ಸಾಸ್‌ನಲ್ಲಿದ್ದಾನೆ. ವಾರಾಂತ್ಯದಲ್ಲಿ ರೈಫಲ್‌ನಿಂದ ಗುರಿ ಹೊಡೆಯುವ ಹವ್ಯಾಸ. ಹಾರಿಸಿ ಉಳಿದ ಖಾಲಿ ತೋಟಾಗಳನ್ನು ಮನೆಗೆ ತಂದು, ಗ್ಯಾರೇಜಿನಲ್ಲಿ ಕೂತು ಮತ್ತೆ ತುಂಬುತ್ತಾನಂತೆ. “ವಿಡಿಯೋ ಕಾಲ್‌ನಲ್ಲಿ ನೋಡಿದೆ, ಒಂದೊಂದರ ಕತ್ತಿಗೂ ಬೆಂಕಿ ಹಿಡಿಯುತ್ತಿದ್ದ. ಇದೇನು ಹುಚ್ಚು?” ಎಂದು ಕೇಳಿದ್ದಾರೆ.

ಹುಚ್ಚಲ್ಲ. ಅಲ್ಲಿ ಅದು ಕಾನೂನು ಒಪ್ಪಿದ ಹಳೆಯ ಹವ್ಯಾಸ. ಇಲ್ಲಿ ಯಾರೂ ಕೈಹಾಕಬೇಡಿ. ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ.

ಮಲೆನಾಡು, ಕೊಡಗಿನ ಕಡೆಯವರು ಕಂಡಿರುವ ತೋಟಾ ಕೋವಿಯ ಕಾಗದದ ಅಥವಾ ಪ್ಲಾಸ್ಟಿಕ್ಕಿನ ತೋಟಾ ಬೇರೆ. ರೈಫಲ್‌ನದು ಪೂರ್ತಿ ಹಿತ್ತಾಳೆಯದು: ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತು. ದಪ್ಪ ತಳ, ಉದ್ದನೆಯ ಮೈ, ಇಳಿಜಾರಾದ ಹೆಗಲು, ಗುಂಡನ್ನು ಕಚ್ಚಿ ಹಿಡಿಯುವ ಸಣ್ಣ ಕತ್ತು. ಒಂದು ಸಲ ಹಾರಿಸಿದರೆ ಕೇಪು, ಮದ್ದು, ಗುಂಡು ಮೂರೂ ಮುಗಿದವು. ಹಿತ್ತಾಳೆ ಮಾತ್ರ ವಾಪಸ್ ಬರುತ್ತದೆ. ನಾಲ್ಕರಲ್ಲಿ ಸಾಮಾನ್ಯವಾಗಿ ದುಬಾರಿಯಾದದ್ದೂ ಅದೇ. ಅದು ಎಷ್ಟು ದಿನ ಬಾಳುತ್ತದೆ ಎಂಬ ತಲೆಬಿಸಿ ಅದಕ್ಕೇ.

ನಿಮ್ಮ ಕಾರಿನ ಟೈರಿನಲ್ಲಿರುವ ಗಾಳಿಯ ಒತ್ತಡ ಚದರ ಇಂಚಿಗೆ ಮೂವತ್ತು ಪೌಂಡ್‌ನ ಆಸುಪಾಸು. .308 ವಿಂಚೆಸ್ಟರ್ ಎಂಬ ಸಾಮಾನ್ಯ ತೋಟಾಕ್ಕೆ ನಿಗದಿಯಾದ ಗರಿಷ್ಠ ಒತ್ತಡ 62,000 ಪೌಂಡ್. ಆ ಕ್ಷಣದಲ್ಲಿ ಹಿತ್ತಾಳೆ ಉಬ್ಬಿ ನಳಿಗೆಯ ಗೋಡೆಗೆ ಒತ್ತಿಕೊಳ್ಳುತ್ತದೆ; ಉರಿಯುವ ಅನಿಲ ಹಿಂದಕ್ಕೆ, ಅಂದರೆ ಹಾರಿಸುವವನ ಮುಖದ ಕಡೆಗೆ, ನುಗ್ಗದಂತೆ ತಡೆಯುತ್ತದೆ. ಆಮೇಲೆ ಸ್ವಲ್ಪ ಕುಗ್ಗುತ್ತದೆ, ಆದರೆ ಮೊದಲಿನ ಅಳತೆಗೆ ಬರುವುದಿಲ್ಲ. ಮತ್ತೆ ತುಂಬುವ ಮೊದಲು ಡೈಗೆ ತಳ್ಳಿ ಹಿಂಡಿ ಸರಿಮಾಡಬೇಕು.

ಹೀಗೆ ಉಬ್ಬಿ, ಹಿಂಡಿ, ಉಬ್ಬಿ, ಹಿಂಡಿ ಹಿತ್ತಾಳೆ ಗಡುಸಾಗುತ್ತದೆ. ಪುಣೆಯವರು ಕಸಬಾ ಪೇಟೆಯ ತಾಂಬಟ್ ಆಳಿಗೆ ಒಮ್ಮೆ ಹೋಗಿ ಬನ್ನಿ. ಅಲ್ಲಿನ ಕುಶಲಕರ್ಮಿಗಳು ತಾಮ್ರವನ್ನು ಬಡಿಯುತ್ತಾ ಬಡಿಯುತ್ತಾ, ಅದು ಗಡುಸಾದಾಗ ಕುಲುಮೆಗೆ ಹಿಡಿದು ಮೆತ್ತಗೆ ಮಾಡಿಕೊಂಡು ಮತ್ತೆ ಬಡಿಯುತ್ತಾರೆ. ಕಾಯಿಸದೆ ಬಡಿದರೆ ಸೀಳುತ್ತದೆ. ತೋಟಾದಲ್ಲಿ ಮೊದಲು ಸೀಳುವುದು ಕತ್ತು. ಮಗ ಬೆಂಕಿ ಹಿಡಿಯುವುದು ಇದಕ್ಕೇ.

ಆದರೆ ಎಲ್ಲಿಯವರೆಗೆ ಎನ್ನುವುದರಲ್ಲೇ ಎಲ್ಲ ಇದೆ. ಕತ್ತು, ಹೆಗಲು, ಅಷ್ಟೇ, ಅದೂ ಕೆಲವೇ ಸೆಕೆಂಡು. ಹಳಬರು ತೋಟಾಗಳನ್ನು ನೀರಿನ ತಟ್ಟೆಯಲ್ಲಿ ನಿಲ್ಲಿಸಿ, ಮೇಲಿನಿಂದ ಕತ್ತಿಗೆ ಜ್ವಾಲೆ ಹಿಡಿದು, ಕಾದೊಡನೆ ನೀರಿಗೆ ಉರುಳಿಸುತ್ತಿದ್ದರು. ಉಕ್ಕಿನ ಹಾಗೆ ಹಿತ್ತಾಳೆಗೂ ನೀರಿನಿಂದ ಗಡಸುತನ ಬರುತ್ತದೆಂದು ಹಲವರು ತಿಳಿದಿದ್ದಾರೆ. ಬರುವುದಿಲ್ಲ. ನೀರು ಇರುವುದು ಕಾವು ತಳಕ್ಕೆ ಇಳಿಯದಿರಲೆಂದು. ತಳ ಗಡುಸಾಗಿಯೇ ಇರಬೇಕು. ಅದು ಮೆತ್ತಗಾದರೆ ಆ 62,000 ಪೌಂಡ್‌ಗೆ ತಡೆ ಇಲ್ಲ.

ಬೆಂಕಿಯಿಂದ ಸರಿಹೋಗದ ಇನ್ನೊಂದು ರೋಗವಿದೆ. ಡೈನಲ್ಲಿ ಹೆಗಲನ್ನು ಅತಿಯಾಗಿ ಹಿಂದಕ್ಕೆ ತಳ್ಳಿದರೆ, ಮುಂದಿನ ಸಲ ಹಾರಿಸಿದಾಗ ತೋಟಾ ಆ ಖಾಲಿ ಜಾಗ ತುಂಬಲು ಉದ್ದಕ್ಕೆ ಎಳೆಯುತ್ತದೆ. ತಳದ ತುಸು ಮೇಲೆ ಗೋಡೆ ತೆಳುವಾಗುತ್ತದೆ. ಹೋದ ಲೋಹವನ್ನು ಯಾವ ಬೆಂಕಿಯೂ ತಂದುಕೊಡುವುದಿಲ್ಲ. ಬೋಲ್ಟ್ ರೈಫಲ್‌ಗೆ ಇಂಚಿನ ಸಾವಿರದ ಒಂದೆರಡು ಪಾಲು, ಅಂದರೆ ಕೂದಲಿನ ದಪ್ಪಕ್ಕಿಂತ ಕಡಿಮೆ, ಹಿಂದಕ್ಕೆ ತಳ್ಳಿದರೆ ಸಾಕು. ಹೊರಗೆ ತಳದ ಬಳಿ ಹೊಳೆಯುವ ಉಂಗುರ ಕಂಡರೆ, ತುದಿ ಬಗ್ಗಿಸಿದ ತಂತಿಯನ್ನು ಒಳಗೆ ಬಿಟ್ಟು ಗೀರಿದಾಗ ಅದೇ ಜಾಗದಲ್ಲಿ ಹಳ್ಳ ಸಿಕ್ಕರೆ, ಆ ತೋಟಾ ಗುಜರಿಗೆ. “ಒಂದು ತೋಟಾ ಎಷ್ಟು ಸಲ?” ಎಂಬ ಪ್ರಶ್ನೆಗೆ ಯಾರಾದರೂ ಒಂದೇ ಅಂಕಿ ಹೇಳಿದರೆ ನಾನಂತೂ ನಂಬುವುದಿಲ್ಲ. ಮದ್ದು ಹದವಾಗಿ ತುಂಬಿದವನದು ಬಹಳ ಕಾಲ ಬರುತ್ತದೆ. ಮಿತಿಯ ಅಂಚಿಗೆ ತುಂಬುವವನದು ಕೆಲವೇ ಸಲಕ್ಕೆ ಕೇಪಿನ ಗುಂಡಿ ಸಡಿಲವಾಗಿ ಕೆಲಸಕ್ಕೆ ಬಾರದಾಗುತ್ತದೆ.

ಇನ್ನು ತೊಳೆಯುವ ವಿಷಯ. ಇದರಲ್ಲಿ ನಮ್ಮ ದೇಶದ್ದೇ ಒಂದು ಕಥೆಯಿದೆ. ಬ್ರಿಟಿಷರ ಕಾಲದಲ್ಲಿ ಇಲ್ಲಿನ ಸೇನೆ ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇರಿಸಿದ ತೋಟಾಗಳು ಹಾರಿಸುವ ಮೊದಲೇ ಬಿರುಕು ಬಿಡುತ್ತಿದ್ದವು. 1921ರಲ್ಲಿ ಮೂರ್, ಬೆಕಿನ್ಸೇಲ್, ಮ್ಯಾಲಿನ್ಸನ್ ಎಂಬ ಮೂವರು ಕಾರಣ ಬಿಡಿಸಿದರು: ಕುದುರೆ ಮೂತ್ರದಿಂದ ಏಳುವ ಅಮೋನಿಯಾ, ತೇವ, ಜೊತೆಗೆ ತಯಾರಿಕೆಯಲ್ಲೇ ಹಿತ್ತಾಳೆಯೊಳಗೆ ಉಳಿದುಹೋದ ಬಿಗಿತ. ಹದವಾಗಿ ಕಾಯಿಸಿ ಆ ಬಿಗಿತ ಸಡಿಲಿಸಿದರೆ ಬಿರುಕು ನಿಲ್ಲುತ್ತದೆ. ಅಮೋನಿಯಾ ಇರುವ ಲೋಹದ ಪಾಲಿಶನ್ನು ತೋಟಾಕ್ಕೆ ಹಚ್ಚಬಾರದು ಎನ್ನುವುದು ಇದಕ್ಕೇ.

ಬದಲಿಗೆ ಏನು? ಅಲ್ಲಿನವರು ಸಿಟ್ರಿಕ್ ಆಮ್ಲ, ಅಂದರೆ ನಿಂಬೆಯ ಹುಳಿ, ನೀರಿಗೆ ಚಿಟಿಕೆ ಹಾಕಿ ತೊಳೆಯುತ್ತಾರೆ. ಅಜ್ಜಿ ಹುಣಸೆಹಣ್ಣಿನಲ್ಲಿ ಬೆಳಗುತ್ತಿದ್ದದ್ದೂ ಇದೇ ಲೆಕ್ಕ. ಹುಳಿ ಹೆಚ್ಚಾಗಿ, ಹೊತ್ತು ಮೀರಿ ನೆನೆಯಿಟ್ಟರೆ ಸತು ಕರಗಿ ಹಿತ್ತಾಳೆಯ ಮೈ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಮುಂದಿನ ವಿಡಿಯೋ ಕಾಲ್‌ನಲ್ಲಿ ಬೆಂಕಿಗೆ ಗಾಬರಿಯಾಗಬೇಡಿ. ತಳದ ಹತ್ತಿರ ತಂತಿ ಬಿಟ್ಟು ನೋಡುತ್ತೀಯೇನಪ್ಪಾ ಎಂದು ಕೇಳಿ.