ಪಹಣಿಗಿರುವ ಮರ್ಯಾದೆ ಫೈರ್‌ವಾಲಿಗೇಕಿಲ್ಲ?

ಕಳೆದ ಸಲ ಊರಿಗೆ ಹೋದಾಗ ಕುಷ್ಟಗಿ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಇಂಜಿನಿಯರಿಂಗ್ ಗೆಳೆಯನೊಬ್ಬ ಸಿಕ್ಕ. ಮಂಡಕ್ಕಿ ಮಿರ್ಚಿ ತಿನ್ನುತ್ತಾ, "ಕೆಲ್ಸದಿಂದ ಬಿಡಿಸ್ಯಾರಲೇ" ಅಂದ.

ಅವನದು ಗುತ್ತಿಗೆ ನೌಕರಿ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ಕಡೆ ಶಾಖೆ ಇರುವ ಸಂಸ್ಥೆಯೊಂದರ (ಹೆಸರು ಬೇಡ ಬಿಡಿ) ನೆಟ್‌ವರ್ಕ್ ನೋಡಿಕೊಳ್ಳುವುದು. ಒಂದು ಸೋಮವಾರ ಗಂಗಾವತಿ ಶಾಖೆಗೆ ಸರ್ವರ್ ಸಿಗಲಿಲ್ಲ. ಕೌಂಟರ್ ಮುಂದೆ ಜನ. ಮೊದಲು ಕೇಬಲ್ ಅಂದರು, ಆಮೇಲೆ ಲೈನ್ ಅಂದರು. ಸಂಜೆಗೆ ಗೊತ್ತಾಯಿತು, ಫೈರ್‌ವಾಲಿನಲ್ಲಿ ಒಂದೇ ಒಂದು ನಿಯಮ ಬದಲಾಗಿದೆ. ಬದಲಿಸಿದ್ದು ಯಾರು? 'ಅಡ್ಮಿನ್'! ಆ ಪಾಸ್‌ವರ್ಡ್ ಐದು ಜನಕ್ಕೆ ಗೊತ್ತು. ಐವರಲ್ಲಿ ಗುತ್ತಿಗೆಯವನು ಇವನೊಬ್ಬನೇ. ಮುಂದಿನದು ನಿಮಗೇ ತಿಳಿಯಿತಲ್ಲ...

"ನಾ ಮುಟ್ಟೇ ಇಲ್ಲೋ. ಆದ್ರ ಹೆಂಗ್ ತೋರಿಸ್ಲಿ?"

ಅವನೇ ಮುಟ್ಟಿರಲೂಬಹುದು, ನಾನಂತೂ ಅಲ್ಲಿರಲಿಲ್ಲ. ನನಗೆ ಸಿಟ್ಟು ಬಂದದ್ದು ಅದಕ್ಕಲ್ಲ. ನಿಜ ಏನೆಂದು ನೋಡಲು ಅಲ್ಲಿ ಯಾರಿಗೂ ದಾರಿಯೇ ಇರಲಿಲ್ಲ.

ನಮ್ಮಪ್ಪನ ಹೊಲದ ಪಹಣಿ ನೋಡಿ. ಹೆಸರು ಬದಲಾಗಬೇಕಾದರೆ ಮ್ಯುಟೇಶನ್ ಆಗಬೇಕು, ಅದಕ್ಕೊಂದು ನಂಬರ್ ಬೀಳಬೇಕು. ಯಾರಿಂದ ಯಾರಿಗೆ, ಕ್ರಯವೋ ಪೌತಿಯೋ ವಿಭಾಗವೋ ಬರೆಯಬೇಕು. ತಕರಾರಿದ್ದರೆ ಹೇಳಿ ಎಂದು ನೋಟಿಸ್ ಕೊಡಬೇಕು. ಭೂಮಿ ಯೋಜನೆಯಲ್ಲಿ ಪಹಣಿ ಕಂಪ್ಯೂಟರಿಗೆ ಹೋದಮೇಲೂ ಈ ಪದ್ಧತಿ ಉಳಿಯಿತು. ಎರಡೆಕರೆ ಎರೆ ಹೊಲಕ್ಕೆ ಇಷ್ಟು ಲೆಕ್ಕ ಇಡುವ ನಾವು, ನಾಲ್ಕು ತಾಲೂಕಿನ ವ್ಯವಹಾರ ನಿಲ್ಲಿಸಬಲ್ಲ ಸಾಲಿಗೆ ಏನೂ ಇಡುವುದಿಲ್ಲ. ಒಂದು ಸಾಲು ಏನು ಮಾಡೀತು ಅನ್ನಬೇಡಿ. 2022ರ ಜುಲೈ 8ರಂದು ಕೆನಡಾದ ರೋಜರ್ಸ್ ಕಂಪನಿಯ ರೂಟರಿನಲ್ಲಿ ಒಂದು ಫಿಲ್ಟರ್ ತೆಗೆದದ್ದಕ್ಕೆ ಒಂದು ಕೋಟಿಗೂ ಹೆಚ್ಚು ಗ್ರಾಹಕರ ಫೋನು, ಇಂಟರ್ನೆಟ್ಟು ಸತ್ತುಹೋಗಿದ್ದವು.

ಇದಕ್ಕೆ ದೊಡ್ಡ ತಂತ್ರಾಂಶವೇನೂ ಬೇಡ ಸ್ವಾಮಿ. ಫೈರ್‌ವಾಲಿನ ಸೆಟ್ಟಿಂಗ್ ಎಂದರೆ ಬಹುತೇಕ ಬರೀ ಪಠ್ಯ. ರಾತ್ರಿ ನಾಲ್ಕೂ ಶಾಖೆಗೆ ಲಾಗಿನ್ ಆಗಿ ಅದನ್ನು ಫೈಲಿಗೆ ಇಳಿಸಿ, ಗಿಟ್‌ಗೆ ಹಾಕಿ, ನಿನ್ನೆಗೂ ಇವತ್ತಿಗೂ ವ್ಯತ್ಯಾಸವಿದ್ದರೆ ಮೇಲ್ ಕಳಿಸುವ ಸ್ಕ್ರಿಪ್ಟು ಒಂದು ಪುಟ ದಾಟುವುದಿಲ್ಲ. ಬರೆಯಲು ಬೇಜಾರಾದರೆ ರ‍್ಯಾನ್ಸಿಡ್, ಆಕ್ಸಿಡೈಸ್ಡ್ ಎಂಬ ಪುಕ್ಕಟೆ ತಂತ್ರಾಂಶಗಳಿವೆ. ವಿಂಡೋಸ್ ಗ್ರೂಪ್ ಪಾಲಿಸಿಗೂ 2009ರ ಸರ್ವರ್ 2008 ಆರ್2 ಕಾಲದಿಂದ ಪವರ್‌ಶೆಲ್ ಆಜ್ಞೆಗಳಿವೆ, ಒಂದು ವರದಿ ತೆಗೆಯಲು, ಇನ್ನೊಂದು ಬ್ಯಾಕಪ್‌ಗೆ. ಎರಡು ಎಚ್ಚರ ಮಾತ್ರ. ಕೆಲವು ಸಾಧನಗಳು ಫೈಲಿನಲ್ಲಿ ಪ್ರತಿಸಲ ಹೊಸ ಸಮಯ ಬರೆಯುತ್ತವೆ, ಆ ಸಾಲು ಸೋಸದಿದ್ದರೆ ದಿನಾ ಸುಳ್ಳು ಮೇಲ್ ಬಂದು, ಎರಡನೇ ವಾರಕ್ಕೆ ಯಾರೂ ಓದುವುದಿಲ್ಲ :) ಮತ್ತೆ ಫೈಲಿನಲ್ಲಿ ಪಾಸ್‌ವರ್ಡುಗಳೂ ಇರಬಹುದು, ಎಲ್ಲೆಂದರಲ್ಲಿ ಇಡಬೇಡಿ.

ಆದರೆ ಸ್ಕ್ರಿಪ್ಟು ಏನು ಬದಲಾಯಿತು ಎಂದು ಹೇಳುತ್ತದೆ, ಯಾವ ರಾತ್ರಿಯೊಳಗೆ ಎಂದು ಹೇಳುತ್ತದೆ. ಯಾರು, ಯಾಕೆ ಎಂದು ಹೇಳುವುದಿಲ್ಲ. ಐವರಿಗೂ ಒಂದೇ 'ಅಡ್ಮಿನ್' ಇರುವಷ್ಟು ದಿನ ಗಿಟ್ ಏನು, ಬ್ರಹ್ಮ ಬಂದರೂ ಹೇಳಲಾರ. ಅದಕ್ಕೇ ನನ್ನ ವಾದ: ಮೊದಲು ಪ್ರತಿಯೊಬ್ಬರಿಗೂ ಬೇರೆ ಲಾಗಿನ್, ಆಮೇಲೆ ಸ್ಕ್ರಿಪ್ಟು. ಮೇಲಿನವರಿಗೆ ಇದೇ ಕಹಿ. ದಾಖಲೆ ಗುತ್ತಿಗೆಯವನ ಹೆಸರನ್ನಷ್ಟೇ ತೋರಿಸುವುದಿಲ್ಲವಲ್ಲ!

ಬದಲಾವಣೆಯನ್ನೂ ಸ್ಕ್ರಿಪ್ಟಿನಿಂದಲೇ ಮಾಡಿಸಿ ಅನ್ನುವವರಿದ್ದಾರೆ. ನನಗೆ ಅಷ್ಟು ಅವಸರವಿಲ್ಲ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಸುಮಾರು ಆರು ತಾಸು ಮಲಗಿತ್ತು. ತಪ್ಪು ಆಜ್ಞೆಯನ್ನು ತಡೆಯಬೇಕಿದ್ದ ತಪಾಸಣೆಯ ತಂತ್ರಾಂಶದಲ್ಲೇ ದೋಷವಿತ್ತು. ಕೈಯಿಂದಾದರೆ ಗಂಗಾವತಿ ಒಂದೇ ಕೆಡುತ್ತದೆ, ಸ್ಕ್ರಿಪ್ಟಿನಿಂದ ನಾಲ್ಕೂ ಒಟ್ಟಿಗೆ. ಆರು ತಿಂಗಳು ಬರೀ ಓದುವ ಸ್ಕ್ರಿಪ್ಟು ಓಡಲಿ, ಏನೇನು ಬದಲಾಗುತ್ತದೆ ಎಂದು ಕಣ್ಣಿಗೆ ಬೀಳಲಿ.

ಗೆಳೆಯನಿಗೆ ಆ ರಾತ್ರಿಯೇ ಸ್ಕ್ರಿಪ್ಟು ಮೇಲ್ ಮಾಡಿದೆ. ಮರುದಿನ ಫೋನ್ ಮಾಡಿದ: "ಚಲೋ ಐತಿ. ಆದ್ರ ಓಡಸಾಕ ಫೈರ್‌ವಾಲ್ ಎಲ್ಲೈತಿ ನನ್ನ ಕಡೆ?"