ಎಪಾಕ್ಸಿ ಲೇಪನ: ಲೀಟರಿನ ದರವೊಂದೇ ಮಾನದಂಡವಲ್ಲ

ಎಪಾಕ್ಸಿ ಎಂಬ ಹೆಸರಿದ್ದರೆ ಯಾವ ಕಾರ್ಖಾನೆಗಾದರೂ ಸಲ್ಲುತ್ತದೆಂದು ಭಾವಿಸಿ, ಕನಿಷ್ಠ ದರದ ಕೊಟೇಶನ್ನಿಗೆ ಆರ್ಡರ್ ನೀಡುವ ಪದ್ಧತಿ ಸಣ್ಣ ಉದ್ದಿಮೆದಾರರಿಗೆ ದುಬಾರಿಯಾದುದು.

ಎಪಾಕ್ಸಿಯು ರಾಳ ಮತ್ತು ಹಾರ್ಡನರ್ ಎಂಬ ಎರಡು ಭಾಗಗಳ ವಸ್ತು. ಇವುಗಳ ಆಯ್ಕೆ ಹಾಗೂ ಬೆರೆಸುವ ಪುಡಿಗಳನ್ನು ಅನುಸರಿಸಿ ಲೇಪನದ ಗುಣ ಬದಲಾಗುತ್ತದೆ. 1923ರಲ್ಲಿ ಮೈಸೂರು ಕಬ್ಬಿಣ ಕಾರ್ಖಾನೆ ಆರಂಭವಾದ ಭದ್ರಾವತಿಯಿಂದ ಶಿವಮೊಗ್ಗದವರೆಗಿನ ಘಟಕಗಳ ಅಗತ್ಯಗಳೂ ಒಂದೇ ಬಗೆಯವಲ್ಲ. ಯಂತ್ರಾಗಾರದ ನೆಲಕ್ಕೆ ಸವೆತ ತಡೆಯುವ, ಸಿಲಿಕಾ ಮರಳು ಬೆರೆತ ದಪ್ಪ ಲೇಪನ ಬೇಕು; ಫೌಂಡ್ರಿಯಲ್ಲಿ ಕರಗಿದ ಲೋಹ ಬೀಳುವೆಡೆ ಎಪಾಕ್ಸಿಯೇ ಸಲ್ಲದು. ಬಯಲಿನ ಉಕ್ಕಿಗೆ ಸತು ಹೆಚ್ಚಿರುವ ಪ್ರೈಮರ್ ಉತ್ತಮ. ಬಿಸಿಲಿಗೆ ಎಪಾಕ್ಸಿ ಪುಡಿಪುಡಿಯಾಗುವುದರಿಂದ ಮೇಲೊಂದು ಪಾಲಿಯುರೆಥೇನ್ ಪದರವೂ ಅಗತ್ಯ. ತೀವ್ರ ಆಮ್ಲ ಬಳಸುವೆಡೆ ನೊವೊಲ್ಯಾಕ್ ರಾಳ ಹೆಚ್ಚು ತಾಳುತ್ತದೆ. ಮಲೆನಾಡಿನ ಮಳೆಗಾಲದ ತೇವದಲ್ಲಿ ಕೆಲವು ಅಮೈನ್ ಹಾರ್ಡನರ್‌ಗಳಿಂದ ಮೇಲ್ಮೈ ಬಿಳಿಚಿ ಅಂಟಂಟಾಗುತ್ತದೆ. ಗೇರುಬೀಜದ ಸಿಪ್ಪೆಯ ಎಣ್ಣೆಯಿಂದ ತಯಾರಾಗುವ ಫಿನಾಲ್ಕಮೈನ್ ತೇವವನ್ನು ಸಹಿಸಬಲ್ಲದು.

ಇನ್ನು ಲೆಕ್ಕ. ಉದಾಹರಣೆಗೆ, ಲೀಟರಿಗೆ 300 ರೂ. ದರದ ಲೇಪನದಲ್ಲಿ ಒಣಗಿ ಉಳಿಯುವ ಘನಾಂಶ ಗಾತ್ರದಲ್ಲಿ ಶೇ. 50, 400 ರೂ. ದರದ್ದರಲ್ಲಿ ಶೇ. 80 ಎಂದಿಟ್ಟುಕೊಳ್ಳೋಣ. 100 ಮೈಕ್ರಾನ್ ದಪ್ಪಕ್ಕೆ ಮೊದಲನೆಯದು 5 ಚದರ ಮೀಟರ್, ಎರಡನೆಯದು 8 ಚದರ ಮೀಟರ್ ವ್ಯಾಪಿಸುತ್ತದೆ. ಆಗ ಚದರ ಮೀಟರಿನ ವೆಚ್ಚ ಕ್ರಮವಾಗಿ 60 ಮತ್ತು 50 ರೂಪಾಯಿ. ಅಗ್ಗದ್ದೇ ತುಟ್ಟಿಯಾಯಿತು! ಬೇಗ ಕಿತ್ತುಬಂದರೆ ಮರುಲೇಪನದ ಕೂಲಿ ಮತ್ತು ಉತ್ಪಾದನೆ ನಿಂತ ದಿನಗಳ ನಷ್ಟ ಬೇರೆ.

ಆದುದರಿಂದ ಬಳಕೆಯ ಸ್ಥಳ, ತಗಲುವ ರಾಸಾಯನಿಕ, ಉಷ್ಣತೆ, ಒಣ ಪದರದ ದಪ್ಪ ಮತ್ತು ಮೇಲ್ಮೈ ಸಿದ್ಧತೆಯನ್ನು ಖರೀದಿ ಆದೇಶದಲ್ಲೇ ನಮೂದಿಸುವುದು ಜಾಣತನ. ಬರವಣಿಗೆಯಲ್ಲಿಲ್ಲದ ಅಗತ್ಯಕ್ಕೆ ಮಾರಾಟಗಾರನನ್ನು ಹೊಣೆ ಮಾಡುವುದು ಕಷ್ಟ.